ಪ್ರತಿಕ್ರಿಯೆ: ಲಂಟಾನ ತೆಗೆಯುವ ತರಬೇತಿ ಎಲ್ಲಿಂದ ಶುರು?

ಲಂಟಾನ (ಕಾಡಿನಲ್ಲಿ ದಟ್ಟವಾಗಿ ಹರಡುವ ವಿದೇಶಿ ಕಳೆಪೊದೆ) ತೆಗೆಯಲಿರುವ ಸಮಿತಿಯವರಿಗೆ ತರಬೇತಿಯ ಮೊದಲ ದಿನವೇ ಕತ್ತಿ ಕೊಡಲೋ, ನಕ್ಷೆ ಕೊಡಲೋ ಅಂತ ಕೇಳಿದ್ದೀರಿ. ದಯವಿಟ್ಟು ನಕ್ಷೆಯನ್ನೇ ಕೊಡಿ. ಎಲ್ಲಿ ದಟ್ಟ, ಎಲ್ಲಿ ವಿರಳ ಅಂತ ಅವರೇ ನಡೆದು ಗುರುತು ಹಾಕಲಿ. ಎಲ್ಲರ ಕೈಯೂ ದಟ್ಟ ಪೊದೆಗೇ ಹೋಗುತ್ತದೆ, ಆದರೆ ವಿರಳವಾಗಿರುವ ಅಂಚಿನಿಂದ ಶುರು ಮಾಡಿದರೆ ಹರಡುವುದು ನಿಲ್ಲುತ್ತದೆ.

ಆಮೇಲೆ ಒಂದೇ ಗಿಡದ ಮುಂದೆ ಎಲ್ಲರನ್ನೂ ಕೂರಿಸಿ. ಬುಡದ ಮಣ್ಣು ಸರಿಸಿ, ನೆಲದಿಂದ ಎರಡು ಬೆರಳು ಕೆಳಗೆ ತಾಯಿಬೇರು ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನವಿದು. ಮೇಲಿಂದ ಸವರಿದರೆ ಬುಡದಿಂದ ಮತ್ತೆ ಚಿಗುರು ಗ್ಯಾರಂಟಿ. ಕಾಯಿ ಹಣ್ಣಾಗುವ ಮುಂಚೆಯೇ ತೆಗೆಯಿರಿ.

ಹಣವನ್ನೆಲ್ಲ ಮೊದಲ ವರ್ಷವೇ ಮುಗಿಸಬೇಡಿ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುವುದರಿಂದ ಅವು ಕೂರುವ ಮರಗಳ ಕೆಳಗೆ ಲಂಟಾನ ಸಸಿ ಏಳುತ್ತಲೇ ಇರುತ್ತವೆ, ಮುಂದಿನ ಎರಡು ಮಳೆಗಾಲ ಅವನ್ನು ಕೀಳಲು ಕೂಲಿ ಬೇಕು. ತೆರವಾದ ಜಾಗಕ್ಕೆ ಸ್ಥಳೀಯ ಹುಲ್ಲಿನ ಬೀಜ ಈಗಲೇ ಕೂಡಿಟ್ಟುಕೊಳ್ಳಿ.