ಕಣ್ಣಲ್ಲಿ ಉರಿಯೂತ ಇದ್ದರೂ ಒತ್ತಡ ಕಡಿಮೆ ಬರುವುದು ಹೇಗೆ?

ಕಾರವಾರದಲ್ಲಿ ಆಯಿಯ ಕಣ್ಣು ತೋರಿಸಿದಾಗ ‘ಯುವೈಟಿಸ್ (ಕಣ್ಣೊಳಗಿನ ಉರಿಯೂತ) ಇದೆ, ಕಣ್ಣಿನ ಒತ್ತಡ 8’ ಅಂದರು, ಉರಿಯೂತವಿದ್ದರೆ ಒತ್ತಡ ಏರಬೇಕಲ್ಲವೇ ಎಂದು ಕೇಳಿದ್ದೀರಿ. ಮೊದಮೊದಲು ಇಳಿಯುವುದೇ ಹೆಚ್ಚು.

ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ. ಕಣ್ಣೊಳಗಿನ ಸಿಲಿಯರಿ ಬಾಡಿ ನೀರು ಒಸರಿಸುತ್ತಲೇ ಇರುತ್ತದೆ, ಕಪ್ಪುಗುಡ್ಡೆಯ ಅಂಚಿನ ಜರಡಿಯಂಥ ಜಾಲರಿ ಅದನ್ನು ಬಸಿಯುತ್ತದೆ. ಉರಿಯೂತದಲ್ಲಿ ಸಿಲಿಯರಿ ಬಾಡಿಯೇ ಸೋತು ನೀರು ಕಡಿಮೆಯಾಗುತ್ತದೆ. ಜೊತೆಗೆ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ, ಸ್ನಾಯುವಿನ ಎಳೆಗಳ ನಡುವೆ ನೀರು ಹೋಗುವ ಇನ್ನೊಂದು ದಾರಿಯನ್ನು ಸಡಿಲಿಸುತ್ತದೆ. ತಮಾಷೆಯೆಂದರೆ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾಕ್ಕೆ ಒತ್ತಡ ಇಳಿಸಲು ಹಾಕುವ ಲ್ಯಾಟನೊಪ್ರೊಸ್ಟ್ ಹನಿಯೂ ಇದೇ ಕುಲದ್ದು!

ಏರುವುದು ಆಮೇಲೆ. ಉರಿಯೂತದಲ್ಲಿ ಹೊರಬರುವ, ಸೈಟೊಕೈನ್ ಎಂಬ ಸಂಕೇತ-ಪ್ರೋಟೀನ್‌ಗಳು ರಕ್ತನಾಳದ ಗೋಡೆ ಸಡಿಲಿಸಿ ಪ್ರೋಟೀನ್, ಬಿಳಿರಕ್ತಕಣಗಳನ್ನು ಒಳಗೆ ಬಿಡುತ್ತವೆ. ನಮ್ಮ ಶಿರಸಿ ಕಡೆ ಮಳೆಗಾಲದಲ್ಲಿ ಅಡಿಕೆ ತೋಟದ ಬಸಿಗಾಲುವೆಗೆ ದರಕು ತುಂಬಿ ನೀರು ನಿಲ್ಲುತ್ತದಲ್ಲ, ಹಾಗೆ ಜಾಲರಿ ಕಟ್ಟಿಕೊಳ್ಳುತ್ತದೆ. ಟಿಜಿಎಫ್-ಬೀಟಾ ಅಂಥ ಸೈಟೊಕೈನ್‌ಗಳು ಜಾಲರಿಯನ್ನೇ ಗಡುಸು ಮಾಡುತ್ತವೆ. ಹರ್ಪಿಸ್ ವೈರಸ್‌ನಿಂದಾದ ಉರಿಯೂತದಲ್ಲಿ ಮಾತ್ರ ಆರಂಭದಲ್ಲೇ ಏರುವುದುಂಟು.

ಉರಿಯೂತಕ್ಕೆ ಕೊಡುವ ಸ್ಟೀರಾಯ್ಡ್ ಹನಿಯೂ ಕೆಲವರಿಗೆ ಕೆಲವು ವಾರಗಳಲ್ಲಿ ಒತ್ತಡ ಏರಿಸುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ. ಈ 8 ನೋಡಿ ನಿರಾಳವಾಗಿ ಕೂರದೆ, ಡಾಕ್ಟರು ಹೇಳಿದ ದಿನಕ್ಕೆ ಹೋಗಿ ಮತ್ತೆ ಅಳೆಸಿಕೊಂಡು ಬನ್ನಿ.