ಅಪರೂಪದ ಕಾರು: ಬದಲಿಸುವುದಾ, ಇದ್ದ ಹಾಗೇ ಇಡುವುದಾ?

ಪ್ರಶ್ನೆ: ನಮ್ಮ ದೊಡ್ಡಪ್ಪ ಮಡಗಾಂವದಲ್ಲಿದ್ದಾಗ ಕೊಂಡ ಸ್ಯಾನ್ ಸ್ಟಾರ್ಮ್ ಕಾರು ಈಗ ನನ್ನ ಪಾಲಿಗೆ ಬಂದಿದೆ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಗೋವಾ ನೋಂದಣಿ. ಕೆಲವು ವರ್ಷಗಳಿಂದ ಕೋಡಿಬಾಗದ ನಮ್ಮ ಮನೆಯ ಶೆಡ್ಡಿನಲ್ಲೇ ನಿಂತಿದೆ. ಸ್ಟಾರ್ಟ್ ಆಗುತ್ತದೆ, ಆದರೆ ಹತ್ತೇ ನಿಮಿಷಕ್ಕೆ ಬಿಸಿಯಾಗುತ್ತದೆ. ಬಾನೆಟ್ ಮೇಲೆ ಬಿರುಕು ಬಿದ್ದಿದೆ, ಟಾಪು ಹರಿದಿದೆ, ಲೈಟು ಒಮ್ಮೆ ಉರಿದರೆ ಒಮ್ಮೆ ಇಲ್ಲ. ನನ್ನ ಭಾವ, "ಇದರ ಪಾರ್ಟ್ಸ್ ಎಲ್ಲಿಂದ ತರ್ತೀಯಾ? ಸ್ವಿಫ್ಟ್ ಎಂಜಿನ್ ಕೂರಿಸು, ಮೇಲೆ ಗಟ್ಟಿ ಟಾಪು ಹಾಕಿಸು, ದೊಡ್ಡ ಅಲಾಯ್ ವೀಲ್ ಹಾಕು" ಅನ್ನುತ್ತಾರೆ. ಅಪ್ಪನಿಗೆ ಅಣ್ಣನ ಕಾರನ್ನು ಯಾರೂ ಮುಟ್ಟಬಾರದು. ನಾನೇನು ಮಾಡಲಿ?
– ಓದುಗರು, ಕಾರವಾರ

ಉತ್ತರ: ಎಂಜಿನ್ ಬದಲಿಸಬೇಡಿ. ಗಟ್ಟಿ ಟಾಪೂ ಬೇಡ. ಹಾಗಂತ ಅಪ್ಪ ಹೇಳಿದಂತೆ ಮುಟ್ಟದೆ ಇಟ್ಟರೂ ಈ ಕಾರು ಉಳಿಯುವುದಿಲ್ಲ. ಸಮುದ್ರದ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಮುಚ್ಚಿದ ಶೆಡ್ಡು. ಇಷ್ಟರ ನಡುವೆ ನಿಂತ ಕಾರು ದಿನಾ ಸ್ವಲ್ಪ ಸ್ವಲ್ಪ ಹಾಳಾಗುತ್ತಲೇ ಇರುತ್ತದೆ. ನಿಮ್ಮ ಕಾರಿಗೆ ಈಗ ಕೆಲಸ ಆಗಲೇಬೇಕು. ಯಾವ ಕೆಲಸ ಅನ್ನುವುದೇ ಪ್ರಶ್ನೆ.

ಇದಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಒಂದೇ. ನಟ್ಟು ಬೋಲ್ಟು ಬಿಚ್ಚಿ ಮಾಡಿದ ಬದಲಾವಣೆಯನ್ನು ನಾಳೆ ಮತ್ತೆ ಬಿಚ್ಚಿ ಮೊದಲಿನಂತೆ ಮಾಡಬಹುದು. ಅದಕ್ಕೆ ನನ್ನ ಅಡ್ಡಿಯಿಲ್ಲ. ಕಟರ್ ಹಿಡಿದು ಕೊಯ್ದು, ವೆಲ್ಡಿಂಗ್ ಮಾಡಿ ಕೂರಿಸಿದ್ದನ್ನು ವಾಪಸ್ ತರಲು ಆಗುವುದಿಲ್ಲ. ಲಕ್ಷಗಟ್ಟಲೆ ತಯಾರಾದ ಕಾರನ್ನು ಕೊಯ್ದರೆ ಅದೇ ಥರದ್ದು ಇನ್ನೊಂದು ಎಲ್ಲೋ ಸಿಗುತ್ತದೆ. ಸ್ಯಾನ್ ಸ್ಟಾರ್ಮ್ ತಯಾರಾದದ್ದೇ ಬಹಳ ಕಡಿಮೆ. ಅದರಲ್ಲೂ ಎಷ್ಟೋ ಗಾಡಿಗಳು ಇಂಥದ್ದೇ 'ಸುಧಾರಣೆ'ಯಲ್ಲಿ ಮುಗಿದುಹೋಗಿವೆ.

ನಿಮ್ಮ ಕಾರಿನ ಹಿನ್ನೆಲೆಯನ್ನೂ ಸ್ವಲ್ಪ ನೆನಪಿಸಿಕೊಳ್ಳೋಣ. ತೊಂಬತ್ತರ ದಶಕದ ಕೊನೆಗೆ ಸ್ಯಾನ್ ಮೋಟರ್ಸ್ ಇದನ್ನು ನಿಮ್ಮ ಪಕ್ಕದ ಗೋವಾದಲ್ಲೇ ತಯಾರಿಸಿತು. ಫೈಬರ್ ಬಾಡಿ, ಮುಂದಿನ ಚಕ್ರಕ್ಕೆ ಶಕ್ತಿ, ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಕುದುರೆ ಶಕ್ತಿ. ನಮ್ಮ ದೇಶದಲ್ಲಿ ಎರಡು ಸೀಟಿನ, ಟಾಪು ತೆಗೆಯುವ ಕಾರನ್ನು ಮಾಡಿ ಮಾರಲು ಹೊರಟವರೇ ಕೆಲವರು. ಅದಕ್ಕೂ ಮೊದಲು ಬೆಂಗಳೂರಿನ ಸಿಪಾನಿ ಕಂಪನಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಡಾಲ್ಫಿನ್ ತಯಾರಿಸಿತ್ತು. ಅದರದ್ದೂ ಫೈಬರ್ ಬಾಡಿಯೇ. ಇವತ್ತು ಕಂಪನಿಯಿಂದ ಹೊರಬಂದಂತೆಯೇ ಇರುವ ಡಾಲ್ಫಿನ್ ನೋಡಬೇಕೆಂದರೆ ಊರೂರು ಹುಡುಕಬೇಕು.

ಈಗ ಭಾವನ ಮಾತಿಗೆ ಬರೋಣ. ಪಾರ್ಟ್ಸ್ ಸಿಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಬಾಡಿ ಅಪರೂಪದ್ದು, ಎಂಜಿನ್ ಅಪರೂಪದ್ದಲ್ಲ. ಇದೇ ಎಂಜಿನ್ ಯೂರೋಪಿನಲ್ಲಿ ರೆನೋ ಕ್ಲಿಯೊ ಮತ್ತು ಟ್ವಿಂಗೊ ಕಾರುಗಳಲ್ಲಿ ಬಂದಿದೆ. ಅಲ್ಲಿ ಇವು ಮನೆಮನೆಯ ಕಾರುಗಳು. ಎಂಜಿನ್ ಮೇಲಿನ ನಂಬರ್ ಬರೆದುಕೊಂಡು ಕೇಳಿದರೆ ಟೈಮಿಂಗ್ ಬೆಲ್ಟ್, ಗ್ಯಾಸ್ಕೆಟ್, ವಾಟರ್ ಪಂಪ್ ಹೊರಗಿನಿಂದ ತರಿಸಿಕೊಳ್ಳಬಹುದು. ಖರ್ಚು ಸ್ವಲ್ಪ ಜಾಸ್ತಿ, ಕಾಯಬೇಕು ಕೂಡ. ಆದರೂ ಬೇರೆ ಎಂಜಿನ್ ಕೂರಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಇನ್ನು ಸಣ್ಣ ಕಂಪನಿಗಳು ಲ್ಯಾಂಪು, ಸ್ವಿಚ್ಚು, ಹ್ಯಾಂಡಲ್ಲುಗಳನ್ನೆಲ್ಲ ಸಾಮಾನ್ಯವಾಗಿ ಬೇರೆ ಕಾರಿನವೇ ಹಾಕಿರುತ್ತವೆ. ಹಾಳಾದದ್ದನ್ನು ಬಿಚ್ಚಿಕೊಂಡು ಹುಬ್ಬಳ್ಳಿಯ ದೊಡ್ಡ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಹೊಂದಿಸಿ ನೋಡಿ.

ನಿಜಕ್ಕೂ ಸಿಗದೇ ಇರುವುದು ಮುಂದಿನ ಗಾಜು, ಟಾಪಿನ ಮಡಚುವ ಚೌಕಟ್ಟು, ಬಾಡಿಯ ಭಾಗಗಳು. ಇವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಗ್ಯಾರೇಜಿನಲ್ಲಿ ಬಿಚ್ಚಿದ್ದು ಗ್ಯಾರೇಜಿನಲ್ಲೇ ಉಳಿದು ಕಳೆದುಹೋಗುವುದೇ ಜಾಸ್ತಿ. ಬಿಚ್ಚಿದ ಪ್ರತಿ ತುಂಡನ್ನೂ ಮನೆಗೆ ತನ್ನಿ, ಚೀಟಿ ಅಂಟಿಸಿ ಇಡಿ.

ಬೇರೆ ಎಂಜಿನ್ ಯಾಕೆ ಬೇಡ ಅಂದರೆ, ಅದು ಬರೀ ಎಂಜಿನ್ನಿಗೆ ನಿಲ್ಲುವುದಿಲ್ಲ. ಮೌಂಟಿಂಗ್ ಕೊಯ್ಯಬೇಕು, ಆಕ್ಸಲ್ ಬದಲಾಗಬೇಕು, ವೈರಿಂಗ್ ಪೂರ್ತಿ ಬೇರೆ. ಬ್ರೇಕು 60 ಕುದುರೆ ಶಕ್ತಿಗೆ ಲೆಕ್ಕ ಹಾಕಿದ್ದು. ಮೇಲೆ ಉಕ್ಕಿನ ಛಾವಣಿ ಇಲ್ಲದ ಕಾರಿನಲ್ಲಿ ತಿರುಚುವ ಬಲವನ್ನೆಲ್ಲ ಕೆಳಗಿನ ಚೌಕಟ್ಟೇ ತಡೆಯಬೇಕು. ಜಾಸ್ತಿ ಶಕ್ತಿ ಕೊಟ್ಟರೆ ಆ ಚೌಕಟ್ಟಿಗೇ ಏಟು.

ಕಾನೂನೂ ನಿಮ್ಮ ಭಾವನ ಪರ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಬೇರೆ ಎಂಜಿನ್ ಕೂರಿಸಲು ಮೊದಲೇ ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಮಾಡಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ವಿಮೆ ಕಂಪನಿಗೆ ಹೇಳದೆ ಮಾಡಿದ್ದರೆ ಅಪಘಾತವಾದಾಗ ಕ್ಲೇಮು ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

ಇನ್ನು ನಿಮ್ಮ ಕಾರಿನ ರೋಗಗಳು. ಲೈಟಿನದ್ದೂ ಬಿಸಿಯದ್ದೂ ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೀರಿ. ಎರಡಕ್ಕೂ ಒಂದೇ ಕಾರಣ ಇರಬಹುದು. ತಗಡಿನ ಕಾರಿನಲ್ಲಿ ಬಾಡಿಯೇ ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಫೈಬರ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಲೈಟು, ಫ್ಯಾನು, ಹಾರ್ನು ಎಲ್ಲಕ್ಕೂ ಅರ್ಥಿಂಗ್ ವೈರ್ ಎಳೆದಿರುತ್ತಾರೆ. ಉಪ್ಪು ಗಾಳಿಗೆ ಆ ವೈರಿನ ತುದಿಗಳು ಹಸಿರುಗಟ್ಟುತ್ತವೆ. ಆಗ ಲೈಟು ಮಿನುಗುತ್ತದೆ, ರೇಡಿಯೇಟರ್ ಫ್ಯಾನು ತಿರುಗುವುದಿಲ್ಲ ಅಥವಾ ನಿಧಾನಕ್ಕೆ ತಿರುಗುತ್ತದೆ. ಮೊದಲು ಒಂದೊಂದೇ ಅರ್ಥಿಂಗ್ ಪಾಯಿಂಟ್ ಬಿಚ್ಚಿಸಿ, ಮರಳು ಕಾಗದದಲ್ಲಿ ಉಜ್ಜಿಸಿ, ಬಿಗಿಸಿ, ಮೇಲೆ ಗ್ರೀಸ್ ಹಚ್ಚಿಸಿ. ಇಲಿ, ಹೆಗ್ಗಣ ವೈರ್ ಕಡಿದಿದ್ದರೆ ಅದೂ ಆಗಲೇ ಕಾಣುತ್ತದೆ. ಫ್ಯಾನು ಸರಿ ತಿರುಗಿದರೂ ಬಿಸಿಯಾದರೆ ಮಾತ್ರ ಥರ್ಮೋಸ್ಟಾಟ್, ರೇಡಿಯೇಟರ್ ಕಡೆ ಹೋಗಿ. ಅಲ್ಲಿಯವರೆಗೆ ಸುಮ್ನೆ ಸ್ಟಾರ್ಟ್ ಮಾಡಿ ನೋಡುತ್ತಾ ಇರಬೇಡಿ. ಬಿಸಿಯಾದ ಎಂಜಿನ್ನಿನ ಹೆಡ್ ಒಮ್ಮೆ ಬಾಗಿದರೆ ಭಾವನ ವಾದಕ್ಕೆ ನೀವೇ ಬಲ ಕೊಟ್ಟಂತೆ.

ಟೈಮಿಂಗ್ ಬೆಲ್ಟನ್ನು ಕಿಲೋಮೀಟರ್ ನೋಡದೆ ಬದಲಿಸಿ. ರಬ್ಬರಿಗೆ ಓಡಿದ ದೂರಕ್ಕಿಂತ ಕಳೆದ ವರ್ಷಗಳು ಮುಖ್ಯ. ಟೈರಿಗೂ ಅದೇ ಮಾತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲಿನೆರಡು ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೀರುಗಳು ಎಷ್ಟೇ ಚೆನ್ನಾಗಿ ಕಂಡರೂ ತೆಗೆದುಹಾಕಿ. ಪೆಟ್ರೋಲ್ ಪೈಪುಗಳನ್ನೂ ಬದಲಿಸಿ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಅದು ಮೆತ್ತಗೆ ಮಾಡಿ ಒಡೆಯುತ್ತದೆ. ಎಥನಾಲ್ ತಡೆಯುವ ಪೈಪು ಕೇಳಿ ಹಾಕಿಸಿ. ಇದೂ ಒಂದು ಬದಲಾವಣೆಯೇ ಅಲ್ವಾ? ಇಂಥ ಬದಲಾವಣೆ ಧಾರಾಳವಾಗಿ ಮಾಡಿ.

ಫೈಬರ್ ಬಾಡಿ ತುಕ್ಕು ಹಿಡಿಯುವುದಿಲ್ಲ, ಅದೇ ಇಲ್ಲಿನ ಮೋಸ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ಉಕ್ಕಿನ ಚೌಕಟ್ಟು, ಸಸ್ಪೆನ್ಷನ್ ಹಿಡಿದಿರುವ ಜಾಗ, ಬ್ರೇಕ್ ಪೈಪು ತಿಂದುಹೋಗಿರುತ್ತವೆ. ಅಲಾಯ್ ವೀಲಿಗೆ ಎತ್ತಿಟ್ಟ ಹಣವನ್ನು ಪೂರ್ತಿ ಇಲ್ಲಿ ಹಾಕಿ. ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ, ಸ್ಕ್ರೂ ಡ್ರೈವರ್ ಹಿಡಿದು ಕುಟ್ಟಿ ನೋಡಿ. ಪದರ ಏಳುತ್ತಿದ್ದರೆ ಕೆರೆದು, ಪ್ರೈಮರ್ ಹೊಡೆದು, ಟೊಳ್ಳು ಜಾಗಗಳ ಒಳಕ್ಕೆ ವ್ಯಾಕ್ಸ್ ತುಂಬಿಸಬೇಕು. ತೂತು ಬಿದ್ದಿದ್ದರೆ ಅಷ್ಟು ಭಾಗಕ್ಕೆ ಮಾತ್ರ ಅದೇ ದಪ್ಪದ, ಅದೇ ಆಕಾರದ ಉಕ್ಕು ಹಾಕಿ ವೆಲ್ಡಿಂಗ್. ಕಟರ್ ಬೇಡ ಎಂದ ನಾನೇ ಒಪ್ಪುವ ವೆಲ್ಡಿಂಗ್ ಇದೊಂದೇ, ಯಾಕೆಂದರೆ ಇದು ಇದ್ದದ್ದನ್ನೇ ಮತ್ತೆ ತರುತ್ತದೆ. ಬ್ರೇಕ್ ಪೈಪುಗಳನ್ನು ಅನುಮಾನ ಬಂದ ಕೂಡಲೇ ಹೊಸದು ಮಾಡಿಸಿ.

ಬಾನೆಟ್ ಬಿರುಕಿನ ವಿಷಯದಲ್ಲಿ ನಿಮ್ಮ ಊರು ನಿಮಗೆ ದೊಡ್ಡ ಅನುಕೂಲ. ತಗಡಿನ ಕೆಲಸ ಮಾಡುವ ಟಿಂಕರ್ ಬಿರುಕಿನ ಮೇಲೆ ಪುಟ್ಟಿ ತುಂಬಿ ಪೇಂಟ್ ಹೊಡೆಯುತ್ತಾರೆ. ಒಂದೇ ಮಳೆಗಾಲಕ್ಕೆ ಬಿರುಕು ಮತ್ತೆ ಮೇಲೆ ಬರುತ್ತದೆ. ಬೈತಖೋಲದಲ್ಲಿ, ತದಡಿಯಲ್ಲಿ, ಹೊನ್ನಾವರದಲ್ಲಿ ಮೀನುಗಾರಿಕೆಯ ಫೈಬರ್ ದೋಣಿ ರಿಪೇರಿ ಮಾಡುವವರನ್ನು ಹುಡುಕಿ. ಬಿರುಕನ್ನು ಹಿಂದಿನಿಂದ ಇಳಿಜಾರಾಗಿ ಉಜ್ಜಿ, ಮ್ಯಾಟ್ (ಗಾಜಿನ ನಾರಿನ ಹಾಸು) ಮತ್ತು ರೆಸಿನ್ (ಗಟ್ಟಿಯಾಗುವ ಅಂಟು) ಪದರ ಪದರವಾಗಿ ಕೂರಿಸುವ ಕೆಲಸ ಅವರಿಗೆ ದಿನನಿತ್ಯದ್ದು. ಒಂದು ಮಾತು ಮಾತ್ರ ಮೊದಲೇ ಹೇಳಿ: ದೋಣಿಯಷ್ಟು ದಪ್ಪ ಬೇಡ. ದಪ್ಪವಾದರೆ ಬಾನೆಟ್ ಭಾರವಾಗಿ ಹಿಂಜು ಜಗ್ಗುತ್ತದೆ. ಹಳೆ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಹಚ್ಚಲು ಬಿಡಬೇಡಿ, ಅದು ರೆಸಿನ್ನನ್ನೇ ತಿನ್ನುತ್ತದೆ. ಉಜ್ಜಿಯೇ ತೆಗೆಯಬೇಕು, ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲೇಬೇಕು. ಪೇಂಟಿಂಗ್ ಜನವರಿ, ಫೆಬ್ರುವರಿಯಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಫೈಬರ್ ಹೀರಿಕೊಂಡ ತೇವ ಆಮೇಲೆ ಬಣ್ಣದಡಿ ಗುಳ್ಳೆಯಾಗಿ ಏಳುತ್ತದೆ.

ಅದೇ ಕೆಲಸಗಾರರಿಂದ ಇನ್ನೊಂದು ಕೆಲಸ ಮಾಡಿಸಿಕೊಳ್ಳಿ ಎಂದು ನಾನು ಬಹಳ ಒತ್ತಿ ಹೇಳುತ್ತೇನೆ. ಬಾನೆಟ್ ಸರಿಯಾದ ಮೇಲೆ, ಬಣ್ಣ ಹೊಡೆಯುವ ಮೊದಲು, ಅದರ ಅಚ್ಚು ತೆಗೆಸಿ. ಬಂಪರಿನದ್ದೂ ತೆಗೆಸಿ. ನಾಳೆ ಹೆದ್ದಾರಿಯಲ್ಲಿ ಯಾರೋ ಬಂದು ಗುದ್ದಿದರೂ ಅದೇ ಆಕಾರದ ಹೊಸ ಭಾಗ ಮಾಡಿಕೊಳ್ಳಬಹುದು. ತಗಡಿನ ಕಾರಿನವರಿಗೆ ಈ ಭಾಗ್ಯ ಇಲ್ಲ. ನಿಮ್ಮಂತೆಯೇ ಇದೇ ಕಾರು ಇಟ್ಟುಕೊಂಡ ಇನ್ನೊಬ್ಬರಿಗೂ ಆ ಅಚ್ಚು ಉಪಕಾರ ಆದೀತು.

ಟಾಪಿಗೆ ಹೊಸ ಬಟ್ಟೆ ಹೊಲಿಸಿ, ಚೌಕಟ್ಟು ಹಳೆಯದೇ ಇರಲಿ. ಹರಿದ ಬಟ್ಟೆ ಎಸೆಯಬೇಡಿ, ಹೊಸದಕ್ಕೆ ಅದೇ ಅಳತೆ. ಒದ್ದೆ ಟಾಪನ್ನು ಮಡಚಿ ಇಟ್ಟರೆ ಒಂದೇ ವಾರಕ್ಕೆ ಬೂಸ್ಟು ಹಿಡಿಯುತ್ತದೆ. ಕಾರಿನ ಮೇಲೆ ಪ್ಲಾಸ್ಟಿಕ್ ತಾಡಪಾಲು ಹೊದಿಸಬೇಡಿ, ಗಾಳಿಯಾಡುವ ಬಟ್ಟೆಯ ಕವರ್ ಸಾಕು. ಅಲಾಯ್ ವೀಲ್ ಬೇಕೇ ಬೇಕು ಅನಿಸಿದರೆ ಮೂಲ ಅಳತೆಯದ್ದೇ ಹಾಕಿಸಿ, ಹಳೆಯ ನಾಲ್ಕೂ ವೀಲನ್ನು ಅಟ್ಟದ ಮೇಲೆ ಜೋಪಾನವಾಗಿ ಇಡಿ. ಮ್ಯೂಸಿಕ್ ಸಿಸ್ಟಮ್ ಹಾಕಿ, ಡ್ಯಾಶ್‌ಬೋರ್ಡ್ ಕೊಯ್ಯಬೇಡಿ.

ನೋಂದಣಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಬೇಕು. ಗೋವಾದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ತೆರಿಗೆ ಕಟ್ಟಿ ಕೆಎ-30 ನಂಬರ್ ಪಡೆಯಿರಿ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ಕಾರನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿ (ನೋಂದಣಿ) ಪುಸ್ತಕದಲ್ಲಿದ್ದಂತೆ ಇದ್ದರೆ ಅಲ್ಲಿ ತಲೆನೋವಿಲ್ಲ. 2021ರಲ್ಲಿ ಬಂದ ನಿಯಮದಲ್ಲಿ 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ಇದೆ. ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು ಅನ್ನುವುದು ಅದರ ಷರತ್ತು. ನಿಮ್ಮ ಕಾರಿಗೆ ಆ ವಯಸ್ಸು ಬರುವಾಗ ಅದನ್ನು ಓಡಿಸುವವರು ನಿಮ್ಮ ಮಕ್ಕಳಿರಬಹುದು. ವಿಮೆ ಮಾಡಿಸುವಾಗ ಒಂದು ವಿಷಯ ನೆನಪಿಡಿ: 5 ವರ್ಷ ದಾಟಿದ ಕಾರಿನ ಬೆಲೆಯನ್ನು ನೀವೂ ಕಂಪನಿಯವರೂ ಮಾತಾಡಿಯೇ ನಿಗದಿ ಮಾಡುವುದು. ಫೋಟೊ, ರಿಪೇರಿ ಬಿಲ್ಲು ಮುಂದಿಟ್ಟು ಮಾತಾಡಿ.

ಕೆಲಸ ಮುಗಿದ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾರಕ್ಕೊಮ್ಮೆಯಾದರೂ ಅಂಕೋಲಾದವರೆಗೆ ಹೋಗಿಬನ್ನಿ. ಶೆಡ್ಡಿನಲ್ಲಿ ಐದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿದರೆ ಸೈಲೆನ್ಸರಿನ ಒಳಗೆ ನೀರು ನಿಲ್ಲುತ್ತದೆ, ಬ್ಯಾಟರಿಯೂ ಚಾರ್ಜ್ ಆಗುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಮಾರುತಿ 800 ಇದೆ. ತೋಟಕ್ಕೆ ಹೋಗಿಬರಲು ಸ್ವಲ್ಪ ಎತ್ತರ ಮಾಡಿಸಿ, ರ‍್ಯಾಲಿ ಕಾರಿನಂತೆ ಬಣ್ಣ ಹೊಡೆಸಬೇಕು ಎಂದು ಮಗನ ಆಸೆ. ಇದಕ್ಕೂ ಉಳಿಸಿಕೊಳ್ಳುವ ಮಾತು ಅನ್ವಯಿಸುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಮೊದಲು ಆರ್‌ಸಿ ಪುಸ್ತಕದಲ್ಲಿ ತಯಾರಾದ ವರ್ಷ ನೋಡಿ. 1986ರ ನಂತರದ ಹೊಸ ಆಕಾರದ್ದಾದರೆ ನನ್ನ ತಕರಾರಿಲ್ಲ. ಮಾರುತಿ 800 ಒಟ್ಟು 25 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿದೆ. ಮಗ ಬಣ್ಣ ಹೊಡೆಸಲಿ, ಹೊಸ ಬಣ್ಣವನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಲಿ. ಎತ್ತರ ಮಾಡುವುದು ಮಾತ್ರ ಬೇಡ. ಕಾನೂನಿನ ತೊಡಕು ಒಂದು ಕಡೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಎತ್ತರದ, ಹಗುರ ಕಾರು ವಾಲುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಕುಸಿದ ಎತ್ತರ ತಾನಾಗಿ ವಾಪಸ್ ಬರುತ್ತದೆ. ತೋಟದ ದಾರಿಗೆ ಅಷ್ಟು ಸಾಕು.

1983ರ ಕೊನೆಯಿಂದ 1986ರ ನಡುವಿನ ಮೊದಲ ಮಾದರಿ, ಎಸ್‌ಎಸ್‌80 ಅನ್ನುತ್ತಾರಲ್ಲ, ಅದಾಗಿದ್ದರೆ ಇಲ್ಲೇ ನಿಲ್ಲಿ. ಅದು ಈಗ ಸಿಗುವುದು ಕಷ್ಟ. 1983ರ ಡಿಸೆಂಬರಿನಲ್ಲಿ ದೆಹಲಿಯ ಹರ್ಪಾಲ್ ಸಿಂಗ್ ಅವರಿಗೆ ಇಂದಿರಾ ಗಾಂಧಿ ಕೀಲಿ ಕೊಟ್ಟ ಮೊದಲ ಮಾರುತಿ 800, ಅವರು ತೀರಿಕೊಂಡ ಮೇಲೆ ಮನೆ ಮುಂದೆ ತುಕ್ಕು ಹಿಡಿಯುತ್ತಾ ನಿಂತಿತ್ತು. ಆಮೇಲೆ ಅದನ್ನು ಮೊದಲಿನಂತೆಯೇ ಸರಿಮಾಡಿಸಿ ಕಂಪನಿ ತನ್ನಲ್ಲಿ ಪ್ರದರ್ಶನಕ್ಕೆ ಇಟ್ಟಿದೆ. ನಿಮ್ಮದೂ ಆ ಕಾಲದ್ದಾದರೆ ತೋಟಕ್ಕೆ ಬೇರೆ ಗಾಡಿ ನೋಡಿ. ಮಗನಿಗೆ ರ‍್ಯಾಲಿ ಕಾರೇ ಬೇಕೆಂದರೆ ಆಮೇಲಿನ ವರ್ಷದ 800 ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಡಿ. ಕೊಳ್ಳುವ ಮೊದಲು ಮುಂದಿನ ಕಾರ್ಪೆಟ್ ಎತ್ತಿ ಫ್ಲೋರ್ ಮುಟ್ಟಿ ನೋಡಿ. ಮಲೆನಾಡಿನ 800ಗಳಲ್ಲಿ ಮೊದಲು ಹೋಗುವುದು ಅದೇ ಜಾಗ.