‘ಇನ್ನೊಂದು ನೋಡೋಣ, ಕೆಲಸ ಬಿಡು’

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ 34 ವರ್ಷ. ದಕ್ಷಿಣ ಕೊಡಗಿನ ಕೊಡವ ಒಕ್ಕವೊಂದರ (ಮನೆತನದ) ಸೊಸೆ. ಇಬ್ಬರು ಹೆಣ್ಣುಮಕ್ಕಳು. ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದವರು ಎರಡನೇ ಭೇಟಿಯಲ್ಲಷ್ಟೇ ವಿಷಯ ಎತ್ತಿದರು. ಗಂಡುಮಗು ಬೇಕು, ಅದಕ್ಕೆ ಕೆಲಸ ಬಿಡು ಎಂದು ಮನೆಯಲ್ಲಿ ಒತ್ತಾಯ.

ಕೊಡಗಿನಲ್ಲೂ ಇದು ಇದೆಯಾ ಅಂತ ಕೇಳಬೇಡಿ. 2011ರ ಜನಗಣತಿಯಲ್ಲಿ ಇಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದರು, ನಿಜ. ಆದರೆ ಗಂಡಿನ ಆಸೆ ಯಾವಾಗಲೂ ಆ ಲೆಕ್ಕದಲ್ಲಿ ಕಾಣುವುದಿಲ್ಲ. ಹುಟ್ಟಿದ ಹೆಣ್ಣನ್ನು ಮುದ್ದಾಗಿಯೇ ಸಾಕುತ್ತಾರೆ. ಗಂಡಾಗುವವರೆಗೆ ನಿಲ್ಲಿಸುವುದಿಲ್ಲ, ಅಷ್ಟೆ. ದೇಶದಲ್ಲಿ ಕೊನೆಯ ಮಗು ಗಂಡಾಗಿರುವುದೇ ಜಾಸ್ತಿ ಎಂದು 2017–18ರ ಕೇಂದ್ರದ ಆರ್ಥಿಕ ಸಮೀಕ್ಷೆಯೂ ತೋರಿಸಿತ್ತು.

ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. ‘ನನಗೇನೂ ಹಠ ಇಲ್ಲ ಮೇಡಂ. ಒಕ್ಕ ನಿಂತು ಹೋಗುತ್ತಲ್ವಾ? ತೋಟ ಯಾರು ನೋಡ್ಕೊಳ್ತಾರೆ?’

‘ಈಗ ಯಾರು ನೋಡ್ಕೊಳ್ತಿದ್ದಾರೆ?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಹೇಳಿದರು. ಕಾಫಿ ಕೊಯ್ಲಿನಲ್ಲಿ ಅಸ್ಸಾಂ ಕಾರ್ಮಿಕರ ಚೆಕ್‌ರೋಲ್ (ಹಾಜರಿ, ಕೂಲಿಯ ಪುಸ್ತಕ) ಬರೆಯುವುದು, ಶನಿವಾರ ರಾತ್ರಿ ಕೂತು ಬಟವಾಡೆಯ ನೋಟು ಎಣಿಸಿಡುವುದು ಹೆಂಡತಿಯೇ. ಗೊಬ್ಬರದ ದುಡ್ಡೂ ಆಕೆಯ ಸಂಬಳದಿಂದ. ಅದು ನಿಂತರೆ? ‘ಟೂರಿಸ್ಟ್ ಜೀಪ್ ಓಡಿಸ್ತೀನಿ’ ಎಂದರು. ವಾರವಿಡೀ ತೋಟ, ಶನಿವಾರ ಭಾನುವಾರ ಜೀಪು. ಮಕ್ಕಳ ಜೊತೆ ಇರೋದು ಯಾವಾಗ ಅಂತ ನಾನು ಕೇಳಲಿಲ್ಲ, ಆಕೆ ಕೇಳಿದರು.

ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ಎಂದೆ. ಇನ್ನೊಂದು ಮಗು ಬೇಕಾ ಎನ್ನುವುದನ್ನು ‘ಹೆಣ್ಣೇ ಆದರೂ ಬೇಕಾ’ ಅಂತ ಕೇಳಿಕೊಳ್ಳಿ. ಎರಡು ಹೆಣ್ಣಾಯಿತೆಂದು ಮೂರನೆಯದು ಗಂಡಾಗುವ ಸಾಧ್ಯತೆ ಏರುವುದಿಲ್ಲ, ಹೆಚ್ಚುಕಡಿಮೆ ಅರ್ಧಕ್ಕರ್ಧವೇ. ಅದನ್ನು ನಿರ್ಧರಿಸುವುದೂ ಅಪ್ಪನ ವೀರ್ಯಾಣು. ಎಲ್ಲೋ ಸ್ಕ್ಯಾನ್ ಮಾಡಿ ಹೇಳ್ತಾರಂತೆ ಎಂದು ನೆಂಟರೊಬ್ಬರು ಕಿವಿ ಊದಿದ್ದರು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ಹೇಳುವ ಡಾಕ್ಟರಿಗಷ್ಟೇ ಅಲ್ಲ, ಕೇಳಲು ಹೋಗುವ ಮನೆಯವರಿಗೂ ಜೈಲು ಇದೆ ಎಂದು ಖಡಾಖಂಡಿತವಾಗಿ ಹೇಳಿದೆ.

ತೋಟ, ಒಕ್ಕದ ಪ್ರಶ್ನೆಗೆ ಮಗು ಹೆರಬೇಕಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಮೀನಿನ ದಾಖಲೆ ತೊಡಕಿನದು, ವಕೀಲರಿಗೆ ತೋರಿಸಿ. ಗಂಡುಮಕ್ಕಳಿಲ್ಲದ ಮನೆಯ ಒಕ್ಕ ಉಳಿಸಲು ಒಕ್ಕಪರಿಜೆ, ಮಕ್ಕಪರಿಜೆ ಮದುವೆಗಳು ಕೊಡವರಲ್ಲಿ ಹಿಂದಿನಿಂದಲೂ ಇವೆ. ಮಗಳ ಮಕ್ಕಳು ಅದೇ ಒಕ್ಕದವರಾಗುತ್ತಾರೆ. ಹಿರಿಯರಿಗೆ ಕಾನೂನಿಗಿಂತ ಇದು ಬೇಗ ಒಪ್ಪಿಗೆಯಾಗುತ್ತದೆ.

ಆಕೆಗೆ ಮಾತ್ರ ಒಂದು ಮಾತು: ಮಗು ಬೇಕೆನಿಸಿದರೂ ರಾಜೀನಾಮೆ ಬೇಡ. ಮೊದಲೆರಡಕ್ಕೆ ಸಿಕ್ಕ 26 ವಾರ ಸಿಗದಿದ್ದರೂ ಮೂರನೇ ಹೆರಿಗೆಗೆ 12 ವಾರ ಸಂಬಳದ ರಜೆ ಇದೆ.

ಅತ್ತೆಗೆ ಹೇಳುವುದು ಸೊಸೆಯ ಕೆಲಸವಲ್ಲ, ಮಗನದು ಎಂದೆ. ‘ಅವ್ವ ಅಳ್ತಾರೆ’ ಎಂದರು. ಅಳಲಿ, ಪಕ್ಕದಲ್ಲಿ ಕೂತಿರಿ. ಸಮಾಧಾನಕ್ಕೆ ಅಂತ ಸುಮ್ನೆ ‘ನೋಡೋಣ’ ಅನ್ನಬೇಡಿ ಎಂದೆ.